ಬೋರಲು ತಟ್ಟೆ

ಓದಿಲಳ ಮನೆಯಲ್ಲಿ ಊಟದ ತಟ್ಟೆಗಳನ್ನು ಬೋರಲು ಇಡುತ್ತಾರೆ. ಕಟ್ಟಿಗೆ ಒಲೆಯ ಮಸಿ ಬೀಳದಿರಲಿ ಅಂತ ಅವಳ ಅಜ್ಜಿಯ ಕಾಲದಲ್ಲಿ ಶುರುವಾದದ್ದು. ಈಗ ಆ ಒಲೆಯೂ ಇಲ್ಲ, ಮಸಿಯೂ ಇಲ್ಲ, ಪದ್ಧತಿ ಮಾತ್ರ ಉಳಿದಿದೆ. ಪ್ರಾರ್ಥನೆ ಮುಗಿದ ಮೇಲೆ ಮನೆಯ ಯಜಮಾನಿ ಮೇಜು ಸುತ್ತಿ ಒಬ್ಬೊಬ್ಬರ ತಟ್ಟೆಯನ್ನು ಎತ್ತಿ ಅಂಗಾತ ಇಟ್ಟು ಬಡಿಸಬೇಕು. ತಾವೇ ಎತ್ತಿಕೊಳ್ಳುವವರು ಮಾನಗೆಟ್ಟವರು ಅಂತ ಲೆಕ್ಕ.

ಓದಿಲ್ ನನ್ನ ತಮ್ಮ ಲೂಸಿಯೆನನ ಹೆಂಡತಿ. ನಾನು ಮದುವೆಯಾಗಲಿಲ್ಲ, ಇಪ್ಪತ್ತಾರು ವರ್ಷದಿಂದ ಇವರ ಮನೆಯ ಮಹಡಿ ಮೇಲಿನ ಕೋಣೆಯಲ್ಲಿದ್ದೇನೆ. ಹೆಸರು ಫೆರ್ನಾಂದ್, ಆದರೆ ಊರಿಗೆಲ್ಲ ನಾನು ಮತಾಂತ್, ನಮ್ಮ ಮನೆಮಾತು ಫ್ರೆಂಚಿನಲ್ಲಿ ಅತ್ತೆ ಅಂತ. ಇಷ್ಟು ವರ್ಷದಲ್ಲಿ ಈ ಮೇಜಿನ ಮೇಲೆ ಒಬ್ಬರ ತಟ್ಟೆಯೂ ಬೋರಲಾಗಿಯೇ ಉಳಿದದ್ದನ್ನು ನಾನು ಕಂಡವಳಲ್ಲ. ಈ ಫೆಬ್ರವರಿಯ ಎರಡನೇ ಭಾನುವಾರ ಕಂಡೆ.

ಚರ್ಚಿನಿಂದ ಬಂದು ಕೂತಿದ್ದೆವು. ಕೋಳಿ ಸಾರು, ಅದರ ಜೊತೆಗೆ ಪ್ಲಾಯ್. ಒಂದೇ ಬದಿ ಬೇಯಿಸುವ ಹಳದಿ ದೋಸೆ ಅದು, ನಮ್ಮ ಕಡೆ ಅದಿಲ್ಲದೆ ಭಾನುವಾರವಿಲ್ಲ. ಓದಿಲ್ ಗಂಡನ ತಟ್ಟೆ ಎತ್ತಿಟ್ಟಳು, ನನ್ನದು, ಮೊಮ್ಮಗಳು ಮಿರೇಯದು, ಆಮೇಲೆ ತನ್ನದು. ಮಗ ರೋಜೇರನ ತಟ್ಟೆಯ ಹತ್ತಿರ ಬಂದಾಗ ಮಡಚಿದ ಪತ್ರಿಕೆಯೊಂದನ್ನು ಅದರ ಮೇಲೆ ಇಟ್ಟಳು.

"ಇದು ನೀನೇನಾ?"

"ಫೋಟೋ ಇದೆಯಲ್ಲಮ್ಮ. ನಾನೇ."

"ಮಸೂದೆ ನಿಂದೇನಾ?"

"ನಂದೇ. ಇನ್ನೂ ಹನ್ನೊಂದು ಜನ ಸಹಿ ಹಾಕಿದಾರೆ."

"ಆ ಹನ್ನೊಂದು ಜನರನ್ನ ನಾನು ಹೆತ್ತಿಲ್ಲ" ಅಂದು ಅವಳು ತನ್ನ ಜಾಗದಲ್ಲಿ ಕೂತು ಸಾರು ಬಡಿಸಿಕೊಂಡಳು.

ರೋಜೇರ್ ಹೋದ ನವೆಂಬರಿನಲ್ಲಿ ಶಾಸಕನಾದವನು. ನಮ್ಮ ರಾಜ್ಯದಲ್ಲಿ ಶಾಸಕ ಅಂದರೆ ದೊಡ್ಡ ಮನುಷ್ಯನೇನಲ್ಲ. ಶಾಲೆಯ ಬಸ್ಸು ಓಡಿಸುವವನೂ ಆಗುತ್ತಾನೆ, ಆಲೂಗಡ್ಡೆ ಬೆಳೆಯುವವನೂ ಆಗುತ್ತಾನೆ. ರೋಜೇರನದು ಹಾರ್ಡ್‌ವೇರ್ ಅಂಗಡಿ, ನಮ್ಮಪ್ಪ ಇಟ್ಟದ್ದು. ಮುಂದೆ ಮೊಳೆ, ಬಣ್ಣ, ಮೀನಿನ ಗಾಳ. ಹಿಂದಿನ ಗೋಡೆಗೆ ಬಂದೂಕು. ಈಗ ಅವನು ತಂದ ಮಸೂದೆ ನಮ್ಮ ರಾಜ್ಯದಲ್ಲಿ ಬಂದೂಕಿನ ಮೇಲಿರುವ ನಾಲ್ಕು ನಿರ್ಬಂಧಗಳನ್ನೂ ಒಂದೇ ಏಟಿಗೆ ರದ್ದು ಮಾಡುವಂಥದ್ದು. ಅದರಲ್ಲಿ ಮೊದಲನೆಯದು, ಬಂದೂಕು ಕೊಂಡವನು ಮೂರು ದಿನ ಕಾದು ಒಯ್ಯಬೇಕು ಅನ್ನುವ ಕಾಯ್ದೆ. ಪುಸ್ತಕದಲ್ಲಿ ಅದಕ್ಕೆ ಏನು ಹೆಸರಿದೆಯೋ, ಜನ ಕರೆಯುವುದು ಜೋಸೆಟ್ ಕಾಯ್ದೆ ಅಂತ.

ಜೋಸೆಟ್ ಅಂದರೆ ಓದಿಲಳ ಮಗಳು, ರೋಜೇರನ ತಂಗಿ, ಮಿರೇಯ ಅಮ್ಮ. ನಾಲ್ಕು ವರ್ಷದ ಹಿಂದೆ ನವೆಂಬರಿನ ಒಂದು ಶನಿವಾರ ಸಂಜೆ ಅವಳ ಗಂಡ ಲೀಲಂಡ್ ರೈಫಲ್ ಕೊಂಡು ಮನೆಗೆ ಹೋದ, ಒಂದು ಗಂಟೆಯೊಳಗೆ ಅವಳನ್ನು ಕೊಂದ. ಮಿರೇ ಆಗ ಹದಿಮೂರು, ಗೆಳತಿಯ ಮನೆಯಲ್ಲಿದ್ದುದರಿಂದ ಉಳಿದಳು. ರೈಫಲ್ ಕೊಂಡದ್ದು ನಮ್ಮ ಅಂಗಡಿಯಲ್ಲೇ. ಕೊಟ್ಟವನು ರೋಜೇರ್. ಗಲ್ಲಾದಲ್ಲಿ ನಾನಿದ್ದೆ. ಆಗಿನ ಕಾಯ್ದೆಯ ಪ್ರಕಾರ ಎಲ್ಲವೂ ಸರಿಯಾಗಿತ್ತು, ಕೊಳ್ಳುವವನ ಮೇಲೆ ಹಳೆಯ ಕೇಸು ಇದೆಯೇ ಅಂತ ಫೋನಿನಲ್ಲಿ ತಪಾಸಣೆ ಮುಗಿದಿತ್ತು, ನಮ್ಮ ಮೇಲೆ ಯಾರೂ ಬೆರಳು ತೋರಿಸಲಿಲ್ಲ. ಲೀಲಂಡ್ ಸಾಯುವವರೆಗೆ ಜೈಲಿನಲ್ಲಿರುತ್ತಾನೆ. ಓದಿಲ್ ಎರಡು ಚಳಿಗಾಲ ಊರೂರು ತಿರುಗಿ, ಮಂಡಿಯುದ್ದ ಹಿಮದಲ್ಲಿ ಚರ್ಚಿನ ಹಾಲ್‌ಗಳಿಗೆಲ್ಲ ಹೋಗಿ ಮಾತಾಡಿ, ಆ ಮೂರು ದಿನದ ಕಾಯ್ದೆ ಮಾಡಿಸಿಕೊಂಡು ಬಂದಳು.

ಅದನ್ನು ಈಗ ಅವಳ ಮಗನೇ ಅಳಿಸಲು ಹೊರಟಿದ್ದ.

"ಯಾಕೋ?" ಅಂತ ಲೂಸಿಯೆನ್ ಕೇಳಿದ. ನನ್ನ ತಮ್ಮ ಜಗಳ ಕಂಡರೆ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಳ್ಳುವವನು. ಅವತ್ತು ಅದನ್ನು ಕಿವಿಯಲ್ಲೇ ಬಿಟ್ಟಿದ್ದ.

"ಅಪ್ಪ, ಆ ಕೌಂಟರಿನ ಹಿಂದೆ ನಿಲ್ಲೋನು ನಾನು. ಒಬ್ಬ ಬರ್ತಾನೆ, ದುಡ್ಡು ಕೊಡ್ತಾನೆ, ಮಂಗಳವಾರ ಬಾ ಅಂತೀನಿ. ಓ, ಜೋಸೆಟ್ ಕಾಯ್ದೆ ಅಂತಾನೆ. ಆಮೇಲೆ ನನ್ನ ಮುಖ ನೋಡಿ ನಾಲಿಗೆ ಕಚ್ಕೋತಾನೆ. ಬೇಟೆ ಕಾಲದಲ್ಲಿ ದಿನಕ್ಕೆ ಇಪ್ಪತ್ತು ಸಲ. ನನ್ನ ತಂಗಿ ಹೆಸರು ನನ್ನ ಅಂಗಡಿಯಿಂದ ಹೋದ್ರೆ ಸಾಕು."

"ಅವಳೇ ಹೋದಳಲ್ಲ. ಹೆಸರಾದ್ರೂ ಇರಲಿ" ಅಂದಳು ಓದಿಲ್.

"ಆ ಕಾಯ್ದೆ ಅವಳನ್ನ ವಾಪಸ್ ತರುತ್ತಾ?"

"ನಿನ್ನ ಮಸೂದೆ ತರುತ್ತಾ?"

ಮಿರೇ ಎದ್ದು ಮಾಮನ ತಟ್ಟೆಗೆ ಕೈ ಹಾಕಿದಳು. ಓದಿಲ್ ಸೌಟಿನಿಂದ ಅವಳ ಬೆರಳ ಮೇಲೆ ಒಂದು ಕೊಟ್ಟಳು. "ಅದು ನನ್ನ ಕೆಲಸ."

ರೋಜೇರ್ ತಟ್ಟೆ ಮುಟ್ಟಲಿಲ್ಲ. ನಾವು ಉಣ್ಣುವಷ್ಟು ಹೊತ್ತೂ ಎದುರಿಗೆ ಕೂತು ಬರಿಯ ಕಾಫಿ ಕುಡಿದು ಹೋದ. ಮುಂದಿನ ಭಾನುವಾರ ಮತ್ತೆ ಬಂದ. ಹೆಂಡತಿ ಬಿಟ್ಟು ಹೋದಾಗಿನಿಂದ ಅವನಿಗೆ ವಾರಕ್ಕೆ ಒಂದು ಹೊತ್ತು ಬಿಸಿ ಊಟ ಇದೇ. ಬರದೇ ಇರಬಹುದಿತ್ತು. ಆದರೆ ಬರುತ್ತಿದ್ದ, ಬೋರಲು ತಟ್ಟೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ. ತಾಯಿ ಮಗ ಇಬ್ಬರದೂ ಒಂದೇ ಹಟ.

ಮಿರೇ ಪ್ಲಾಯ್‌ಗೆ ಬೆಣ್ಣೆ ಸವರಿ, ಸುರುಳಿ ಸುತ್ತಿ, ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ ಅವನ ಟ್ರಕ್ಕಿನ ಸೀಟಿನ ಮೇಲೆ ಇಟ್ಟು ಬರುತ್ತಿದ್ದಳು. ಓದಿಲ್‌ಗೆ ಅದು ಎರಡನೇ ವಾರಕ್ಕೇ ಗೊತ್ತಾಯಿತು. ಮೂರನೇ ವಾರ ಲೆಕ್ಕ ಮಾಡಿ ಹನ್ನೆರಡೇ ಹುಯ್ದಳು, ತಲೆಗೆ ಮೂರು. ಮಿರೇ ತನ್ನ ಪಾಲಿನ ಮೂರನ್ನೂ ಬಟ್ಟೆಗೆ ಹಾಕಿಕೊಂಡಳು.

"ನೀನು ಉಪವಾಸ ಇರ್ತೀಯೇನೇ?"

"ನನಗೆ ಹಸಿವಿಲ್ಲ ಮೆಮೇರ್." ಮಕ್ಕಳು ಇಲ್ಲಿ ಅಜ್ಜಿಯನ್ನು ಕರೆಯುವುದು ಹಾಗೆ.

"ಸತ್ತಿದ್ದು ನಿಮ್ಮಮ್ಮ."

"ಗೊತ್ತು. ಮಾಮ ಕೊಂದಿಲ್ವಲ್ಲ."

ಓದಿಲ್ ಪ್ಲಾಯ್ ಹುಯ್ಯುವ ಬೀಡುಕಬ್ಬಿಣದ ಬಾಣಲೆ ಉಜ್ಜಲು ಶುರುಮಾಡಿದಳು. ಆ ಬಾಣಲೆಯನ್ನು ಸೋಪು ಹಾಕಿ ಉಜ್ಜಬಾರದು, ಅವಳೇ ನನಗೆ ಹೇಳಿಕೊಟ್ಟದ್ದು. ಅವತ್ತು ಸೋಪು ಹಾಕಿಯೇ ಉಜ್ಜಿದಳು.

ಊಟದ ಮೇಜು ವಾರದ ದಿನಗಳಲ್ಲಿ ಅವಳ ಕಚೇರಿಯಾಯಿತು. ನೂರೈವತ್ತು ಶಾಸಕರಿಗೂ ಕೈಯಾರೆ ಕಾಗದ, ಒಂದೊಂದರಲ್ಲೂ ಜೋಸೆಟ್‌ಳ ಶಾಲೆಯ ಫೋಟೋ. ಅಂಚೆಚೀಟಿ ಅಂಟಿಸುವ ಕೆಲಸ ನನಗೆ ಕೊಟ್ಟಳು. ಹಗಲು ರೋಜೇರನ ಅಂಗಡಿಯ ಗಲ್ಲಾದಲ್ಲಿ ಕೂರುವುದು, ಸಂಜೆ ಅವನದೇ ಮಸೂದೆ ಕೆಡವುವ ಕಾಗದಗಳಿಗೆ ಚೀಟಿ ಅಂಟಿಸುವುದು. ಅತ್ತಲಾಗಿಯೂ ನಾನೇ, ಇತ್ತಲಾಗಿಯೂ ನಾನೇ. ಬೇಡ ಅನ್ನುವ ಬಾಯಿ ನನಗಿರಲಿಲ್ಲ. ಯಾಕಿರಲಿಲ್ಲ ಅನ್ನುವುದನ್ನು ಮುಂದೆ ಹೇಳುತ್ತೇನೆ.

"ಮಗನ ಮೇಲೆ ಇಷ್ಟು ಹಗೆ ಬೇಡ ಓದಿಲ್" ಅಂದೆ ಒಂದು ದಿನ.

"ಲೀಲಂಡಿಗೆ ಜೈಲಲ್ಲಿ ಮೂರು ಹೊತ್ತು ಊಟ ಹಾಕ್ತಾರೆ, ಹಲ್ಲುನೋವು ಅಂದ್ರೆ ಡಾಕ್ಟರು ಬರ್ತಾನೆ. ಅವನ ಕೂದಲು ಕೊಂಕಿಸೋಕೂ ನನಗಾಗಲ್ಲ. ನನ್ನ ಕೈಗೆ ಸಿಗೋದು ಇವನೊಬ್ಬನೇ. ನೀನು ಚೀಟಿ ಅಂಟಿಸು."

ಅಂಟಿಸಿದೆ.

ಮಾರ್ಚ್ ಮಧ್ಯದಲ್ಲಿ ರಾಜಧಾನಿಯಲ್ಲಿ ಶಾಸಕರ ಸಮಿತಿ ಮಸೂದೆಯ ಮೇಲೆ ಜನರ ಅಹವಾಲು ಕೇಳುವ ದಿನ ಬಂತು. ಐದು ಗಂಟೆಯ ದಾರಿ, ಲೂಸಿಯೆನ್ ಗಾಡಿ ಓಡಿಸಿದ, ಫ್ಲಾಸ್ಕಿನಲ್ಲಿ ಕಾಫಿ, ಮಡಿಲಲ್ಲಿ ಹ್ಯಾಮ್ ಹಾಕಿದ ಬ್ರೆಡ್ಡು. ಓದಿಲ್ ದಾರಿಯುದ್ದಕ್ಕೂ ಪ್ರಾರ್ಥನೆ ಪುಸ್ತಕವನ್ನು ಎದೆಗೆ ಒತ್ತಿಕೊಂಡಿದ್ದಳು. ಮಾತಾಡುವವರಿಗೆ ತಲಾ ಮೂರು ನಿಮಿಷ, ಮುಗಿದರೆ ಕೆಂಪು ದೀಪ. ಮೊದಲು ಮಸೂದೆ ತಂದವನೇ ಮಾತಾಡಬೇಕು. ರೋಜೇರ್ ಚೆನ್ನಾಗಿಯೇ ಮಾತಾಡಿದ. ಒಂಟಿ ಹೆಂಗಸಿಗೆ ಬೆದರಿಕೆ ಬಂದರೆ ಅವಳೂ ಮೂರು ದಿನ ಕಾಯಬೇಕಲ್ಲ, ಅಷ್ಟರಲ್ಲಿ ಅವಳ ಗತಿ ಏನು ಅಂತ ಕೇಳಿದ. ಹಿಂದೆ ಕೂತವರು ತಲೆಯಾಡಿಸಿದರು. ನಿಜ ಹೇಳಬೇಕೆಂದರೆ ನನ್ನ ತಲೆಯೂ ಆಡಿತು.

ಆಮೇಲೆ ಓದಿಲ್ ಎದ್ದಳು.

"ನನ್ನ ಹೆಸರು ಓದಿಲ್ ಡುಬೇ. ಈಗ ಮಾತಾಡಿದೋನು ನನ್ನ ಮಗ" ಅಂದಳು. ಪ್ರಾರ್ಥನೆ ಪುಸ್ತಕ ತೆಗೆದು, ಅದರೊಳಗಿಂದ ಒಂದು ಸಣ್ಣ ಚೀಟಿ ಹೊರಗೆಳೆದಳು. ದೂರದಿಂದಲೇ ನನಗೆ ಗುರುತು ಸಿಕ್ಕಿತು. ನಮ್ಮ ಗಲ್ಲಾದ ರಸೀದಿ.

"ನನ್ನ ಅಳಿಯನ ಕೋಟನ್ನ ಪೊಲೀಸರು ವಾಪಸ್ ಕೊಟ್ರು. ಇದು ಅದರ ಜೇಬಲ್ಲಿತ್ತು. ಹೆತ್ತ ಮಗ ಅಂತ ನಾಲ್ಕು ವರ್ಷದಿಂದ ಯಾರಿಗೂ ತೋರಿಸಿಲ್ಲ. ನಮ್ಮ ಅಂಗಡಿ ಶನಿವಾರ ಐದಕ್ಕೆ ಮುಚ್ಚುತ್ತೆ, ಭಾನುವಾರ ತೆಗೆಯಲ್ಲ. ಇದರ ಮೇಲೆ ಐದು ಗಂಟೆ ಇಪ್ಪತ್ತೊಂದು ನಿಮಿಷ ಅಂತಿದೆ. ಮುಚ್ಚಿದ ಅಂಗಡಿ ಬಾಗಿಲು ತೆಗೆದು ಕೊಟ್ಟಿದ್ದು. ನಮ್ಮ ರಾಜ್ಯದಲ್ಲಿ ಭಾನುವಾರ ಬೇಟೆ ಆಡೋ ಹಾಗಿಲ್ಲ, ಹಾಲು ಕುಡಿಯೋ ಮಗೂಗೂ ಗೊತ್ತು. ಶನಿವಾರ ಕತ್ತಲಾದ ಮೇಲೆ ರೈಫಲ್ ಯಾಕಯ್ಯ ನಿನಗೆ ಅಂತ ಒಂದು ಮಾತು ಕೇಳಲಿಲ್ಲ. ಸೋಮವಾರ ಬಾ ಅಂದಿದ್ರೆ ಸಾಕಿತ್ತು. ಬಾಗಿಲು ಹಾಕಿದ ಮೇಲೆ ನನ್ನ ಮಗನ ಕೈಲಿ ಇಪ್ಪತ್ತೊಂದು ನಿಮಿಷ ತಡೆಯೋಕೂ ಆಗ್ಲಿಲ್ಲ. ಅದಕ್ಕೇ ಕಾಯ್ದೆ ಬೇಕಾಗಿದ್ದು. ತಡೆಯೋ ಬುದ್ಧಿ ಅಂಗಡಿಯೋರಿಗೆ ಇಲ್ಲದಿದ್ರೆ ಕಾಯ್ದೆ ತಡೀಲಿ."

ಕೆಂಪು ದೀಪ ಹತ್ತುವ ಮುಂಚೆಯೇ ಅವಳು ಬಂದು ನನ್ನ ಪಕ್ಕದಲ್ಲಿ ಕೂತಳು. ಸಮಿತಿಯ ಅಧ್ಯಕ್ಷೆ ರೋಜೇರನ ಕಡೆ ತಿರುಗಿ, ಇದಕ್ಕೇನಾದರೂ ಹೇಳುವುದಿದೆಯೇ ಅಂತ ಕೇಳಿದಳು. ಅವನು ಒಮ್ಮೆ ನಮ್ಮ ಸಾಲಿನ ಕಡೆ ನೋಡಿದ. ತಾಯಿಯನ್ನಲ್ಲ, ನನ್ನನ್ನು ನೋಡಿದ.

"ಏನೂ ಇಲ್ಲ" ಅಂದ.



ಈಗ ಹೇಳಿಬಿಡುತ್ತೇನೆ. ಆ ಶನಿವಾರ ಐದು ಗಂಟೆಗೆ ಬಾಗಿಲು ಹಾಕಿದ್ದು ನಾನು. ಲೀಲಂಡ್ ಬಂದು ಗಾಜಿನ ಮೇಲೆ ಉಂಗುರದಿಂದ ಟಕಟಕ ಬಡಿದ. ರೋಜೇರ್ ಹಿಂದಿನಿಂದ, "ಮುಚ್ಚಿದೀವಿ ಮತಾಂತ್, ಸೋಮವಾರ ಬಾ ಅನ್ನಿ" ಅಂದ. ಹೊರಗೆ ಹಿಮ ಬೀಳುತ್ತಿತ್ತು. ಲೀಲಂಡ್ ಆ ಕಾಲದಲ್ಲಿ ನಮ್ಮ ಮನೆ ಮುಂದಿನ ಹಿಮ ಬಳಿದು ಕೊಡುತ್ತಿದ್ದ, ನನ್ನನ್ನು ಕೈ ಹಿಡಿದು ಚರ್ಚಿನ ಮೆಟ್ಟಿಲು ಹತ್ತಿಸುತ್ತಿದ್ದ. ನನಗೆ ಅವನೆಂದರೆ ಇಷ್ಟ. "ನಿನ್ನ ತಂಗಿ ಗಂಡನ್ನ ಬೀದೀಲಿ ನಿಲ್ಲಿಸ್ತೀಯೇನೋ, ನಮ್ಮೋನು ಅಲ್ವಾ" ಅಂತ ಗದರಿ ಚಿಲಕ ತೆಗೆದವಳು ನಾನು. ನಾಳೆ ಭಾನುವಾರ, ಬೇಟೆಯಿಲ್ಲ ಅನ್ನುವುದು ನನ್ನ ತಲೆಗೂ ಬರಲಿಲ್ಲ, ರೋಜೇರನ ತಲೆಗೂ ಬರಲಿಲ್ಲ. ನಮ್ಮವನೊಬ್ಬ ಬಂದು ರೈಫಲ್ ಕೇಳಿದರೆ ಯಾಕೆ ಅಂತ ಕೇಳುವುದು ಈ ಊರಿನಲ್ಲಿ ಅವಮಾನ ಮಾಡಿದ ಹಾಗೆ. ಪೊಲೀಸರು ಬಂದಾಗ ಬಾಗಿಲು ಯಾರು ತೆಗೆದರು ಅಂತ ಯಾರೂ ಕೇಳಲಿಲ್ಲ. ರೋಜೇರ್ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅಹವಾಲಿನ ಮಾತು ಪತ್ರಿಕೆಯಲ್ಲಿ ಬಂತು. ಊರು ಸುಮ್ಮನಿರುತ್ತದೆಯೇ? ಅಂಗಡಿಯ ಗಾಜಿಗೆ ಯಾರೋ ಒಂದು ಗಡಿಯಾರದ ಚಿತ್ರ ಅಂಟಿಸಿದರು, ಮುಳ್ಳು ಐದು ಇಪ್ಪತ್ತೊಂದಕ್ಕೆ. ರೋಜೇರ್ ಅದನ್ನು ಕೆರೆದು ತೆಗೆದ. ಮರುದಿನ ಇನ್ನೊಂದು. ಮೊಳೆ ಬೇಕಾದವರು ಮೂವತ್ತು ಮೈಲಿ ಆಚೆಯ ಅಂಗಡಿಗೆ ಹೋಗತೊಡಗಿದರು. ನಾನು ಗಲ್ಲಾದಲ್ಲಿ ನೊಣ ಹೊಡೆಯುತ್ತ ಕೂತಿರುತ್ತಿದ್ದೆ.

"ನಾನು ಹೇಳಿಬಿಡ್ತೀನಿ ಕಣೋ" ಅಂದೆ.

ಅವನು ಬಣ್ಣದ ಡಬ್ಬಿಗಳನ್ನು ಸಾಲಾಗಿ ಜೋಡಿಸುತ್ತಿದ್ದ. "ನಾಲ್ಕು ವರ್ಷ ಹೇಳಲಿಲ್ಲ. ಈಗ್ಯಾಕೆ?"

"ನಿನ್ನ ಗತಿ ನೋಡೋಕಾಗ್ತಿಲ್ಲ."

"ರೈಫಲ್ ಕೈಗೆ ಕೊಟ್ಟೋನು ನಾನೇ. ಬಾಗಿಲು ಯಾರು ತೆಗೆದ್ರೆ ಏನು? ನಿಮಗೆ ಎಪ್ಪತ್ತಮೂರು. ಅಮ್ಮ ನಿಮ್ಮನ್ನ ಮನೆಯಿಂದ ಹೊರಗೆ ಹಾಕಿದ್ರೆ ಎಲ್ಲಿಗೆ ಹೋಗ್ತೀರಾ?"

ಅದು ನನಗೆ ಬೇಕಾಗಿದ್ದ ಮಾತು. ಬಾಯಿ ಮುಚ್ಚಿಕೊಂಡೆ. ನಾಚಿಕೆಯಾಗಲಿಲ್ಲವೇ ಅಂದರೆ, ಆಯಿತು. ಸಮಾಧಾನವೂ ಆಯಿತು, ಸುಳ್ಳು ಯಾಕೆ ಹೇಳಲಿ.

ಏಪ್ರಿಲ್ ಮೊದಲ ವಾರ ಮತಕ್ಕೆ ಹಾಕಿದರು. ಮಸೂದೆ ಮೂರು ಮತಗಳಿಂದ ಬಿತ್ತು. ರೇಡಿಯೋದಲ್ಲಿ ಕೇಳಿದಾಗ ಓದಿಲ್ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಚಾಕು ಕೆಳಗಿಟ್ಟು ಶಿಲುಬೆಯ ಗುರುತು ಮಾಡಿಕೊಂಡು, ಮತ್ತೆ ಸಿಪ್ಪೆ ತೆಗೆದಳು.

"ಗೆದ್ದೆಯಲ್ಲ" ಅಂದ ಲೂಸಿಯೆನ್. "ಇನ್ನು ಹುಡುಗನಿಗೆ ಊಟ ಹಾಕು."

"ನೋಡೋಣ" ಅಂದಳು.

ಆ ಭಾನುವಾರ ಹಾಕಲಿಲ್ಲ. ಅದರ ಮುಂದಿನದು ಈಸ್ಟರ್. ಮೇಪಲ್ ಪಾಕ ಸುರಿದು ಸುಟ್ಟ ಹ್ಯಾಮ್, ಹುರುಳಿಕಾಯಿ, ಹಿಸುಕಿದ ಆಲೂಗಡ್ಡೆ; ಮಿರೇ ಮಾಡಿದ ಕೇಕು ಒಂದು ಬದಿ ಕುಸಿದಿತ್ತು. ರೋಜೇರ್ ಕೋಟು ಹಾಕಿಕೊಂಡು ಬಂದಿದ್ದ, ಕತ್ತಿನ ಪಟ್ಟಿಯೊಳಗೆ ಇನ್ನೊಂದು ಕತ್ತು ಹಿಡಿಸುವಷ್ಟು ಬಡವಾಗಿದ್ದ. ಲೂಸಿಯೆನ್ ಪ್ರಾರ್ಥನೆ ಹೇಳಿದ. ಓದಿಲ್ ಎದ್ದು ಗಂಡನ ತಟ್ಟೆ ಎತ್ತಿಟ್ಟು ಹ್ಯಾಮ್ ಬಡಿಸಿದಳು. ನನ್ನ ತಟ್ಟೆ ಎತ್ತಿಟ್ಟಳು, ನನಗೆ ಇಷ್ಟವಾದ ಅಂಚಿನ ತುಂಡನ್ನೇ ಆರಿಸಿ ಹಾಕಿದಳು. ಮಿರೇಯದು, ತನ್ನದು. ಆಮೇಲೆ ಕೂತಳು.

"ಮೆಮೇರ್" ಅಂದಳು ಮಿರೇ. "ಗೆದ್ದಾಯ್ತಲ್ಲ. ಇನ್ನೂ ಏನು?"

"ಗೆದ್ದಿದ್ದು ಕಾಯ್ದೆ. ನಾನಲ್ಲ."

"ಮಾಮನ್ನ ಹೀಗೆ ಸಾಯಿಸಿದ್ರೆ ಅಮ್ಮನಿಗೆ ಏನು ಸಿಗುತ್ತೆ?"

"ನಿಮ್ಮಮ್ಮನಿಗೆ ಏನೂ ಸಿಗಲ್ಲ. ನನಗೆ ಸಿಗುತ್ತೆ. ಬಾಗಿಲು ತೆಗೆದ ಕೈಗೆ ಈ ಮನೇಲಿ ಅನ್ನ ಇಲ್ಲ. ನಾನಿರೋವರೆಗೂ ಇಲ್ಲ."

ನನ್ನ ಮುಳ್ಳುಚಮಚದಲ್ಲಿ ಅಂಚಿನ ತುಂಡು ಚುಚ್ಚಿಯಾಗಿತ್ತು. ಬಾಯಿಯ ಹತ್ತಿರ ಬಂತು, ಒಳಗೆ ಹೋಗಲಿಲ್ಲ. ಇಷ್ಟು ವರ್ಷ ನುಂಗಿದ್ದೆ. ಅವತ್ತು ಯಾಕೆ ಆಗಲಿಲ್ಲವೋ ನನಗೇ ಗೊತ್ತಿಲ್ಲ.

"ಓದಿಲ್" ಅಂದೆ. "ಬಾಗಿಲು ತೆಗೆದೋಳು ನಾನು."

"ಮತಾಂತ್" ಅಂದ ರೋಜೇರ್. "ಬೇಡ."

"ನೀನು ಸುಮ್ನಿರೋ." ಮುಳ್ಳುಚಮಚವನ್ನು ತಟ್ಟೆಯಲ್ಲಿ ಇಟ್ಟೆ. "ಲೀಲಂಡ್ ಗಾಜು ಬಡಿದ. ನಾನು ಚಿಲಕ ತೆಗೆದೆ."

ಓದಿಲ್ ನನ್ನನ್ನೇ ನೋಡಿದಳು. "ಇವನೇನಂದ?"

"ಮುಚ್ಚಿದೀವಿ, ಸೋಮವಾರ ಬರೋಕೆ ಹೇಳಿ ಅಂದ."

"ಸೋಮವಾರ ಅಂದನಾ?"

"ಅಂದ. ನಾನೇ ಗದರಿದೆ. ನಮ್ಮೋನು ಅಲ್ವಾ ಅಂದೆ."

ಲೂಸಿಯೆನ್ ಕಿವಿಯ ಯಂತ್ರಕ್ಕೆ ಕೈ ಹಾಕಿದವನು ಹಾಗೇ ಕೈ ಇಳಿಸಿದ. ಮಿರೇ ನನ್ನ ಕಡೆ ತಿರುಗಿದಳು. ಆ ಹುಡುಗಿಗೆ ಜೋಸೆಟ್‌ಳದೇ ಕಣ್ಣು.

"ನಾನು ಆ ರಸೀದಿ ಓದಿದಾಗ ನೀನು ನನ್ನ ಪಕ್ಕದಲ್ಲೇ ಕೂತಿದ್ದೆ" ಅಂದಳು ಓದಿಲ್. "ನೂರೈವತ್ತು ಲಕೋಟೆಗೆ ಅಂಚೆಚೀಟಿ ಅಂಟಿಸಿದೆ."

"ಹೌದು."

ಅವಳು ಎದ್ದಳು. ರೋಜೇರನ ಹತ್ತಿರ ಹೋಗಿ ತಟ್ಟೆ ಎತ್ತಿ ಅಂಗಾತ ಇಟ್ಟಳು. ಮೂರು ದೊಡ್ಡ ತುಂಡು ಹ್ಯಾಮ್, ಆಲೂಗಡ್ಡೆ, ಅದರ ಮೇಲೆ ಬೆಣ್ಣೆ. ಅವನ ತಲೆಯ ಮೇಲೆ ಒಂದು ಗಳಿಗೆ ಕೈ ಇಟ್ಟಳು. ಅವನು ಚಮಚ ಮುಟ್ಟದೆ ಅಳುತ್ತಿದ್ದ, ನಲವತ್ನಾಲ್ಕು ವರ್ಷದ ಗಂಡಸು.

"ತಿನ್ನು" ಅಂದಳು.

ಆಮೇಲೆ ಮೇಜು ಸುತ್ತಿ ನನ್ನ ಹತ್ತಿರ ಬಂದಳು. ನನ್ನ ತಟ್ಟೆಯಲ್ಲಿದ್ದುದನ್ನು ಹ್ಯಾಮಿನ ಹರಿವಾಣಕ್ಕೆ ವಾಪಸ್ ಹಾಕಿದಳು, ಅಂಚಿನ ತುಂಡನ್ನೂ ಚಮಚದಿಂದ ಬಿಡಿಸಿಕೊಂಡಳು. ತಟ್ಟೆಯನ್ನು ಏಪ್ರನ್ನಿನಿಂದ ಒರೆಸಿ, ನನ್ನ ಮುಂದೆ ಬೋರಲು ಇಟ್ಟಳು.

"ಅಮ್ಮ, ಅವರು ವಯಸ್ಸಾದೋರು" ಅಂದ ರೋಜೇರ್.

"ಜೋಸೆಟ್‌ಗೆ ಮೂವತ್ತಾರು ಆಗಿತ್ತು" ಅಂದಳು ಓದಿಲ್.

ಮನೆಯಿಂದ ಹೊರಗೆ ಹಾಕಲಿಲ್ಲ ಅವಳು. ಹಾಕಿದ್ದರೆ ಎಲ್ಲಿಗಾದರೂ ಹೋಗಿರುತ್ತಿದ್ದೆ. ಮಹಡಿಯ ಕೋಣೆ ನನ್ನದೇ, ಅಲ್ಲಿ ಒಂದು ಕರೆಂಟ್ ಒಲೆಯ ಮೇಲೆ ಮೊಟ್ಟೆ ಬೇಯಿಸಿಕೊಳ್ಳುತ್ತೇನೆ. ಅಂಗಡಿಯ ಗಾಜಿನಲ್ಲಿ ಈಗ ಗಡಿಯಾರವಿಲ್ಲ, ನಾನು ಹೇಳಿದ್ದನ್ನು ಓದಿಲ್ ಎರಡೇ ದಿನದಲ್ಲಿ ಊರಿಗೆಲ್ಲ ಹೇಳಿ ಮುಗಿಸಿದಳು. ಮತಾಂತ್ ಅಂತ ಕರೆಯುತ್ತಿದ್ದವರು ಈಗ ಹೆಸರು ಹಿಡಿದು ಕರೆಯುತ್ತಾರೆ, ಇಲ್ಲವೇ ಕರೆಯುವುದಿಲ್ಲ. ಮತ್ತೆ ನವೆಂಬರ್ ಬಂದಿದೆ. ರೋಜೇರ್ ಕೌಂಟರಿನ ಹಿಂದೆ ನಿಂತು ಮಂಗಳವಾರ ಬಾ, ಬುಧವಾರ ಬಾ ಅನ್ನುತ್ತಿರುತ್ತಾನೆ. ಜೋಸೆಟ್ ಕಾಯ್ದೆ ಅಂದವರು ಈಗ ಅವನ ಮುಖ ನೋಡುವುದಿಲ್ಲ, ನಾನು ಕೂತ ಗಲ್ಲಾದ ಕಡೆ ನೋಡುತ್ತಾರೆ.

ಭಾನುವಾರ ತಪ್ಪದೆ ಇಳಿದು ಹೋಗಿ ನನ್ನ ಜಾಗದಲ್ಲಿ ಕೂರುತ್ತೇನೆ. ತಟ್ಟೆ ಬೋರಲಾಗಿಯೇ ಇರುತ್ತದೆ. ಅವರ ಊಟ ಮುಗಿಯುವವರೆಗೆ ಕಾಫಿ ಕುಡಿದು, ಮತ್ತೆ ಮೆಟ್ಟಿಲು ಹತ್ತಿ ಬಂದು ಬಾಗಿಲು ಅರ್ಧ ತೆಗೆದಿಟ್ಟು ಕೂರುತ್ತೇನೆ. ಬಟ್ಟೆಯಲ್ಲಿ ಸುತ್ತಿದ ಪ್ಲಾಯ್ ಹಿಡಿದುಕೊಂಡು ಮಿರೇ ಮೇಲೆ ಬರುತ್ತಾಳೇನೋ ಅಂತ ಕಿವಿಗೊಟ್ಟಿರುತ್ತೇನೆ. ಕೆಳಗೆ ಅವಳು ಪಾತ್ರೆ ತೊಳೆಯುವ ಸದ್ದು ಕೇಳುತ್ತದೆ. ಮೆಟ್ಟಿಲ ಮೇಲೆ ಇದುವರೆಗೂ ಸದ್ದಾಗಿಲ್ಲ.